ಕೊಪ್ಪರಿಗೆಯ ಮೈಲುತುತ್ತ

ನಮ್ಮ ಮಾವನವರಿಗೆ ಮಡಕೆ ಕಂಡರೆ ಆಗುತ್ತಿರಲಿಲ್ಲ. ಮಡಕೆ ಅವರಿಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಅವರು ಮೂರು ಹೊತ್ತೂ ಉಣ್ಣುತ್ತಿದ್ದ ಮುದ್ದೆ ಬೇಯುತ್ತಿದ್ದುದು ಮಡಕೆಯಲ್ಲೇ. ಆದರೆ ಜಗಲಿಗೆ ನಾಲ್ಕು ಜನ ಬಂದಾಗ ಮಡಕೆ ಕಣ್ಣಿಗೆ ಬೀಳಬಾರದು, ತಾಮ್ರ ಬೀಳಬೇಕು. ಈ ಒಂದು ಒಣಜಂಬದಿಂದಾಗಿ ಚನ್ನರಾಯಪಟ್ಟಣದ ಬೀಗರು ನಮ್ಮ ಹಿತ್ತಲಲ್ಲಿ ಸಾಲಾಗಿ ಕೂತು ವಾಂತಿ ಮಾಡಿಕೊಂಡಿದ್ದನ್ನೂ, ಏನೂ ತಪ್ಪು ಮಾಡದ ಒಬ್ಬ ಆಳು ಗುಡಿಸಲು ಕಿತ್ತುಕೊಂಡು ಊರು ಬಿಡುವ ಸ್ಥಿತಿಗೆ ಬಂದದ್ದನ್ನೂ ನಾನು ಕಣ್ಣಾರೆ ಕಂಡೆ. ಈಗಲೂ ನೆನೆಸಿಕೊಂಡರೆ ಒಮ್ಮೆ ನಗು ಬರುತ್ತದೆ, ಒಮ್ಮೆ ಮೈ ಉರಿಯುತ್ತದೆ. ಹೆಚ್ಚು ಸಲ ಮೈಯೇ ಉರಿಯುತ್ತದೆ.

ನನ್ನ ತವರು ಹೊಳೆನರಸೀಪುರ. ಅಪ್ಪ ಅಲ್ಲಿ ಮೇಷ್ಟ್ರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ, ನಯಾ ಪೈಸೆ ಬಂದ ಹೊಸದರಲ್ಲಿ, ಹಾಸನದಿಂದ ದೊಡ್ಡಗದ್ದವಳ್ಳಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ, ಗೌಡರ ಮನೆಗೆ ನನ್ನನ್ನು ಕೊಟ್ಟರು. ಬಂದವರಿಗೆಲ್ಲ ಅತ್ತೆ ನನ್ನನ್ನು ತೋರಿಸಿ ‘ಓದಿದ ಸೊಸೆ’ ಎನ್ನುತ್ತಿದ್ದರು, ಸೊಸೆಗೆ ಉಬ್ಬಸವಿದೆ ಎಂದು ಹೇಳುವ ದನಿಯಲ್ಲಿ. ಬಂದವರೂ ಪಾಪ, ಹಾಗೇ ಕನಿಕರದಿಂದ ನೋಡಿ ಹೋಗುತ್ತಿದ್ದರು. ಆ ಮನೆಯಲ್ಲಿ ನನ್ನ ಓದು ಉಪಯೋಗಕ್ಕೆ ಬಂದದ್ದು ಒಂದೇ ಸಲ. ಅದೂ ಯಾರೂ ಕೇಳದೆ.

ಆ ಮನೆಯ ಕೀರ್ತಿಯೆಲ್ಲ ಒಂದು ಕೊಪ್ಪರಿಗೆಯಲ್ಲಿತ್ತು. ಮಾವನವರ ತಾತನ ಕಾಲದ್ದು. ಅಪ್ಪಟ ತಾಮ್ರ, ಎರಡು ಕಡೆ ದಪ್ಪ ಬಳೆ, ಒಳಗೊಬ್ಬ ಆಳು ಕುಕ್ಕರುಗಾಲಲ್ಲಿ ಕೂತುಕೊಳ್ಳುವಷ್ಟು ಅಗಲ. ತಾಮ್ರಕ್ಕೆ ಹುಳಿ ತಾಗಿದರೆ ಹಸಿರು ಕಿಲುಬು ಬಿಡುತ್ತದಲ್ಲ, ಅದಕ್ಕಾಗಿ ಪ್ರತಿ ಯುಗಾದಿಗೆ ಮೊದಲು ಕಲಾಯಿಯವನು ಬಂದು ಅಂಗಳದಲ್ಲಿ ತಿದಿ ಹೂಡಿ ಅದರ ಒಳಮೈಗೆ ಬೆಳ್ಳಗೆ ತವರ ಬಳಿದು ಹೋಗುತ್ತಿದ್ದ. ಸುತ್ತಲ ಊರುಗಳಲ್ಲಿ ಮದುವೆ ಎಂದರೆ, ಕೊಪ್ಪರಿಗೆ ಬಿಡುವಾಗಿದೆಯೇ ಎಂದು ಎಲೆ ಅಡಿಕೆ ಇಟ್ಟು ನಮ್ಮ ಮಾವನವರನ್ನು ಕೇಳಿಕೊಂಡೇ ಮುಹೂರ್ತ ಇಡುತ್ತಿದ್ದರು. ಯಾರದೇ ಮನೆಯ ಮದುವೆಯಾದರೂ ಸಾರು ನಮ್ಮದೇ ಎನ್ನುವ ಹಾಗೆ ಮಾವನವರು ಮೀಸೆ ತಿರುವಿಕೊಂಡು ಊಟಕ್ಕೆ ಕೂರುತ್ತಿದ್ದರು. ಊರಾಚೆಯ ಕೇರಿಗೆ ಮಾತ್ರ ಅದು ಹೋಗುತ್ತಿರಲಿಲ್ಲ. ಕೇರಿಯವರು ಕೇಳಿಯೂ ಇರಲಿಲ್ಲ. ಕೇಳಬಾರದೆಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವರ ಮದುವೆಗೆ ಕುಂಬಾರರ ಮಡಕೆಗಳು ಬರುತ್ತಿದ್ದವು.

ಆ ಕೇರಿಯವನೊಬ್ಬ ನಮ್ಮ ಮನೆಯ ಆಳು. ನಮ್ಮ ಆಲೂಗಡ್ಡೆ ಹೊಲದ ಅಂಚಿನಲ್ಲಿ ಮಾವನವರು ತೋರಿಸಿದ ಜಾಗದಲ್ಲೇ ಗುಡಿಸಲು ಹಾಕಿಕೊಂಡಿದ್ದ. ಅವನ ಹೆಂಡತಿ ನಮ್ಮ ಕೊಟ್ಟಿಗೆ ಬಳಿದು ಸಗಣಿ ಹೊರುತ್ತಿದ್ದಳು. ಅವನು ಮಾತು ಕಡಿಮೆ, ಕೆಲಸ ಜಾಸ್ತಿಯ ಮನುಷ್ಯ. ಹೊಲದಲ್ಲಿರುವಾಗ ಅವನ ಟವಲು ಹೆಗಲ ಮೇಲಿರುತ್ತಿತ್ತು. ನಮ್ಮ ಜಗಲಿ ಕಾಣಿಸಿದ ಕೂಡಲೇ ಇಳಿದು ಕಂಕುಳಿಗೆ ಸೇರುತ್ತಿತ್ತು. ಮಾವನವರು ಒಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದರೂ ಸರಿ, ಟವಲು ಕಂಕುಳಲ್ಲೇ.

ಆಲೂಗಡ್ಡೆ ಬೆಳೆಯುವವರಿಗೆ ಆಷಾಢ ಎಂದರೆ ಎದೆ ಡವಗುಟ್ಟುವ ಕಾಲ. ಜಡಿಮಳೆ ಹಿಡಿದು ಮೋಡ ನೆಲಕ್ಕೆ ಇಳಿಯಿತು ಎಂದರೆ ಅಂಗಮಾರಿ ಬಂತು ಎಂದೇ ಲೆಕ್ಕ. ನಿನ್ನೆ ಹಸುರಾಗಿದ್ದ ಹೊಲ ಇವತ್ತು ಕುದಿಯುವ ನೀರು ಹೊಯ್ದಂತೆ ಕಪ್ಪಗಾಗಿ ನಾರುತ್ತಿತ್ತು. ಹಿಂದಿನ ವರ್ಷ ಹಾಗೆ ಪೂರ್ತಿ ಬೆಳೆ ಹೋಗಿತ್ತು. ಮಾವನವರು ಅರಕಲಗೂಡಿನ ನೆಂಟರ ಮನೆಗೆ ಹೋದಾಗ ಅಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ನೀಲಿ ಔಷಧಿ ಹೊಡೆಯುವುದನ್ನು ನೋಡಿ ಬಂದರು. ಮಾರನೆಯ ದಿನವೇ ಹಾಸನದ ಪೇಟೆಯಿಂದ ಗೋಣಿಚೀಲದಲ್ಲಿ ಮೈಲುತುತ್ತ ಬಂದಿಳಿಯಿತು. ನಾನು ಅದನ್ನು ಅಷ್ಟೊಂದು ನೋಡಿದ್ದು ಅದೇ ಮೊದಲು. ಕಲ್ಲುಸಕ್ಕರೆಗೆ ನೀಲಿ ಅದ್ದಿದ ಹಾಗೆ ಹರಳು ಹರಳು, ಎಷ್ಟು ಚೆಂದ ಅಂತೀರಿ! ಅತ್ತೆ ಅದರಲ್ಲಿ ದೊಡ್ಡದೊಂದನ್ನು ಆರಿಸಿ ದೇವರ ಗೂಡಿನಲ್ಲಿಡಲು ಹೊರಟಿದ್ದರು. ಊರಿನ ಹಳೆಯ ಕಾಲದವರು ಹುಣ್ಣಿಗೆ ಅದನ್ನು ಚೂರು ಸುಟ್ಟು ಹಚ್ಚುತ್ತಿದ್ದರು. ಹಾಗಾಗಿ ಅದು ಔಷಧಿ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಔಷಧಿ ಎಂದ ಮೇಲೆ ವಿಷ ಹೇಗಾದೀತು?

ಅದನ್ನು ಬೆರೆಸುವ ಕ್ರಮ ತಿಳಿಸಲು ಬ್ಲಾಕ್ ಆಫೀಸಿನಿಂದ ಗ್ರಾಮಸೇವಕರು ಬಂದರು. ಎಳೆಯ ಪ್ರಾಯ, ಬಿಳೀ ಷರಾಯಿ, ಸೈಕಲ್ಲು. ಬಾಯಿ ತೆರೆದರೆ ‘ವೈಜ್ಞಾನಿಕ’ ಎಂಬ ಮಾತು. ನಮ್ಮ ಕಾಫಿಯನ್ನೂ ಅವರು ವೈಜ್ಞಾನಿಕವಾಗಿದೆ ಎಂದು ಹೊಗಳಿದ್ದರು. ಜಗಲಿಯ ತುಂಬ ಊರ ಗಂಡಸರು ಕೂತರು. ಹೆಂಗಸರಿಗೆ ಅಲ್ಲೇನು ಕೆಲಸ? ನಾನೂ ಅತ್ತೆಯೂ ಬಾಗಿಲ ಹಿಂದೆ ಉಪ್ಪಿಟ್ಟಿನ ಬೋಗುಣಿ ಕಾಯುತ್ತಿದ್ದೆವು.

ಮೊದಲರ್ಧ ಎಲ್ಲರೂ ಕೇಳಿದರು. ತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಕರಗಿಸಬೇಕು. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಬೇಕು. ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯಬೇಕೇ ಹೊರತು ತಿರುಗಾಮುರುಗಾ ಮಾಡಬಾರದು. ಕಬ್ಬಿಣದ ಪಾತ್ರೆಯನ್ನು ತುತ್ತ ತಿಂದುಹಾಕುತ್ತದೆ, ಅದಕ್ಕೇ ಮಡಕೆಯೋ ಮರದ ಬಾನಿಯೋ ತಾಮ್ರವೋ ಆಗಬೇಕು. ಆಮೇಲೆ ಅವರು ಕುಡುಗೋಲಿನ ಪರೀಕ್ಷೆ ಮಾಡಿ ತೋರಿಸಿದರು. ತಿಕ್ಕಿ ಬೆಳ್ಳಗೆ ಮಾಡಿದ ಕುಡುಗೋಲಿನ ತುದಿಯನ್ನು ದ್ರಾವಣದಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ತುದಿ ಕೆಂಪಗೆ ತಾಮ್ರದ ಬಣ್ಣಕ್ಕೆ ತಿರುಗಿತು. ಜಗಲಿಯಲ್ಲಿ ಹೋ ಎಂದು ಗದ್ದಲ. ಹೀಗೆ ಕೆಂಪಾದರೆ ತುತ್ತ ಇನ್ನೂ ಸತ್ತಿಲ್ಲ, ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು ಎಂದರು. ಸುಣ್ಣ ಹೊಯ್ದು ಮತ್ತೆ ಅದ್ದಿದರು. ಈ ಸಲ ಕುಡುಗೋಲು ಬೆಳ್ಳಗೇ ಇತ್ತು. ಜನ ಇಂದ್ರಜಾಲ ನೋಡಿದವರ ಹಾಗೆ ತಲೆದೂಗಿದರು. ಗ್ರಾಮಸೇವಕರಿಗೂ ಆ ಪರೀಕ್ಷೆ ಎಂದರೆ ಪ್ರಾಣ. ಕುಡುಗೋಲು ಅದ್ದಿ ಹಿಡಿದಾಗ ಅವರ ಕಣ್ಣು ಯಾವಾಗಲೂ ಜನರ ಮುಖದ ಮೇಲಿರುತ್ತಿತ್ತು, ಪಾತ್ರೆಯ ಮೇಲಲ್ಲ.

ಎರಡನೆಯ ಅರ್ಧ ಶುರುವಾಗುವ ಹೊತ್ತಿಗೆ ಉಪ್ಪಿಟ್ಟು ಹೊರಗೆ ಹೋಯಿತು. ಅಲ್ಲಿಗೆ ವಿಜ್ಞಾನ ಮುಗಿಯಿತು. ಗ್ರಾಮಸೇವಕರು ಒಂದೇ ಸಮನೆ ಹೇಳುತ್ತಿದ್ದರು: ಹೊಡೆಯುವವನು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು, ಕಣ್ಣಿಗೆ ಸಿಡಿದರೆ ತುಂಬಾ ನೀರಿನಿಂದ ತೊಳೆಯಬೇಕು, ಕೈ ಸೋಪಿನಿಂದ ತೊಳೆಯದೆ ಬೀಡಿ ಸೇದಬಾರದು, ಉಣ್ಣಬಾರದು, ಉಳಿದ ನೀರನ್ನು ಬಾವಿಯ ಹತ್ತಿರ, ಕೆರೆಯ ಹತ್ತಿರ ಚೆಲ್ಲಬಾರದು. ಹೊಟ್ಟೆಗೆ ಹೋದರೆ ಕರುಳು ಸುಟ್ಟು ನೀಲಿ ವಾಂತಿಯಾಗುತ್ತದೆ. ಇದಕ್ಕೆ ಬಳಸಿದ ಪಾತ್ರೆಯಲ್ಲಿ ಯಾವತ್ತೂ ಅಡುಗೆ ಮಾಡಬಾರದು. ಇದಿಷ್ಟನ್ನೂ ಅವರು ಹೇಳಿದಾಗ ಹೊರಗೆ ಕೇಳುತ್ತಿದ್ದುದು ಉಪ್ಪಿಟ್ಟು ಅಗಿಯುವ ಸದ್ದು ಮಾತ್ರ. ಬೋಗುಣಿ ಖಾಲಿಯಾಗಿ ಕೆಲಸವಿಲ್ಲದೆ ಕೂತಿದ್ದ ನಾನೂ ಅತ್ತೆಯೂ ಮಾತ್ರ ಬಾಗಿಲ ಹಿಂದೆ ಕಿವಿಗೊಟ್ಟು ಕೇಳಿದೆವು. ಔಷಧಿ ಹೊಡೆಯಬೇಕಾದ ಆಳು ಅಂಗಳದಾಚೆಯ ಹುಣಸೆಮರದ ಕೆಳಗೆ ನಿಂತಿದ್ದ. ಅಲ್ಲಿಗೆ ಮಾತು ತಲುಪುತ್ತಿರಲಿಲ್ಲ.

ಮಡಕೆಯೋ ಮರವೋ ತಾಮ್ರವೋ ಎಂದಾಗ ನಮ್ಮ ಮಾವನವರು ಏನನ್ನು ಆರಿಸಿಯಾರು? ಊರ ಮುಂದೆ ಗೌಡರ ಮನೆಯ ಔಷಧಿ ಮಡಕೆಯಲ್ಲಿ ಕಲಸುವುದುಂಟೇ! ಆಷಾಢದಲ್ಲಿ ಯಾರ ಮನೆಯಲ್ಲೂ ಮದುವೆ ಇಲ್ಲ, ಕೊಪ್ಪರಿಗೆ ಅಟ್ಟದ ಕೆಳಗೆ ಸುಮ್ಮನೆ ಬೋರಲು ಬಿದ್ದಿದೆ. ಅತ್ತೆಯನ್ನು ಒಂದು ಮಾತೂ ಕೇಳದೆ ಅದನ್ನು ಹೊರಿಸಿಕೊಂಡು ಹೊಲಕ್ಕೆ ಹೋದರು. ಆ ತಿಂಗಳೆಲ್ಲ ಕೊಪ್ಪರಿಗೆಯಲ್ಲಿ ತುತ್ತ ನೆನೆಯಿತು. ದಾರಿಹೋಕರು ನಿಂತು ನೋಡುತ್ತಿದ್ದರು. ಇಡೀ ತಾಲ್ಲೂಕಿನಲ್ಲೇ ತಾತನ ಕೊಪ್ಪರಿಗೆಯಲ್ಲಿ ಔಷಧಿ ಕಲಸುವ ರೈತ ತಾವೊಬ್ಬರೇ ಎಂದು ಮಾವನವರು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದರು. ಆ ಮಾತು ನಿಜವೂ ಆಗಿತ್ತು.

ಪಂಪು ಹೊತ್ತು ಹೊಡೆದವನು ಆಳು. ಮೂಗಿಗೆ ಬಟ್ಟೆ ಕಟ್ಟಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಸಂಜೆ ಬರುವಾಗ ಅವನ ಕೈ ಮೊಣಕೈವರೆಗೆ ನೀಲಿ, ರೆಪ್ಪೆಯ ಮೇಲೆ ನೀಲಿ, ಬೆರಳ ಸಂದಿಯಲ್ಲಿ ಚರ್ಮ ಬಿರಿದು ಉರಿ. ಒಂದು ಮಧ್ಯಾಹ್ನ ನಾನು ಬುತ್ತಿ ಕೊಡಲು ಹೊಲಕ್ಕೆ ಹೋದಾಗ ಅದೇ ಕೈಯಲ್ಲಿ ಮುದ್ದೆ ಮುರಿಯಲು ಕೂತಿದ್ದ. ತೊಳೆದುಕೊ ಎಂದೆ. ಅವನು ನನ್ನ ಮುಖ ನೋಡಿ, ಬದಿಯಲ್ಲಿದ್ದ ನಮ್ಮ ಬಾವಿಯನ್ನು ನೋಡಿದ. ಬಾವಿಗೆ ಅವನು ಹಗ್ಗ ಬಿಡುವಂತಿರಲಿಲ್ಲ. ಯಾರಾದರೂ ಸೇದಿ ಎತ್ತರದಿಂದ ಹೊಯ್ಯಬೇಕು, ಹೊಯ್ಯುವವರು ಬರುವವರೆಗೆ ಕಾಯಬೇಕು, ಹೊಟ್ಟೆ ಅಷ್ಟು ಹೊತ್ತು ಕಾಯುತ್ತದೆಯೇ? ಗ್ರಾಮಸೇವಕರು ‘ತುಂಬಾ ನೀರಿನಿಂದ’ ಎಂದರು, ಆ ನೀರು ಯಾರದೆಂದು ಹೇಳಲಿಲ್ಲ. ಅವತ್ತಿನಿಂದ ಬುತ್ತಿಯ ಜೊತೆ ನಾನೇ ಹೋಗಿ ಬಾವಿಯಿಂದ ಸೇದಿ ಅವನ ಕೈಗೆ ಹೊಯ್ಯತೊಡಗಿದೆ. ಓದಿದ ಸೊಸೆ ಆಳಿಗೆ ಕೈ ತೊಳೆಸುತ್ತಾಳೆ ಎಂದು ಊರು ಆಡಿಕೊಂಡು ನಕ್ಕಿತು. ನಗಲಿ, ಹಲ್ಲು ಅವರದು.

ಆ ವರ್ಷ ಬೆಳೆ ಉಳಿಯಿತು. ಸುತ್ತ ಹೊಲಗಳೆಲ್ಲ ಕಪ್ಪಾಗಿದ್ದಾಗ ನಮ್ಮದು ಹಸಿರಾಗಿ ನಿಂತಿತ್ತು. ಮಾವನವರು ನೆಲದಿಂದ ಒಂದಡಿ ಮೇಲೆ ನಡೆಯುತ್ತಿದ್ದರು. ಆ ಹುರುಪಿನಲ್ಲೇ ನನ್ನ ಮೈದುನನ ಮದುವೆಯನ್ನು ಶ್ರಾವಣಕ್ಕೆ ಗೊತ್ತುಮಾಡಿದರು. ಹೆಣ್ಣು ಚನ್ನರಾಯಪಟ್ಟಣದ ತೆಂಗಿನ ತೋಟದವರದು. ಮದುವೆ ಗಂಡಿನ ಮನೆಯಲ್ಲಿ, ಅಂದರೆ ನಮ್ಮಲ್ಲಿ. ಕೊಪ್ಪರಿಗೆ ಹೊಲದಿಂದ ವಾಪಸು ಬಂತು.

ಬಂದ ಕೂಡಲೇ ನಾನು ಅದರೊಳಗೆ ಬಗ್ಗಿ ನೋಡಿದೆ. ಬೆಳ್ಳಗಿನ ಕಲಾಯಿ ಪೂರ್ತಿ ಹೋಗಿ ಕೆಂಪು ತಾಮ್ರ ಎದ್ದು ಕಾಣುತ್ತಿತ್ತು, ತಳದ ಬೆಸುಗೆಯ ಸುತ್ತ ಹಸಿರು ಕಟ್ಟಿಕೊಂಡಿತ್ತು. ಮಾವನವರಿಗೆ ಅದು ಹೊಸದರಂತೆ ಕಂಡಿತು. ಔಷಧಿ ಬೆಳೆಯನ್ನೂ ಉಳಿಸಿತು, ಪಾತ್ರೆಯನ್ನೂ ಬೆಳಗಿಕೊಟ್ಟಿತು ಎಂದರು. ಅವರಿಗಿದ್ದ ಚಿಂತೆ ಬೇರೆ. ಒಂದು ತಿಂಗಳು ಕೇರಿಯವನ ಕೈ ಮುಟ್ಟಿದ ಪಾತ್ರೆಯಲ್ಲಿ ಬೀಗರಿಗೆ ಅಡುಗೆ ಮಾಡುವುದು ಹೇಗೆ? ಊರ ಪೂಜಾರಿಯನ್ನು ಕರೆಸಿದರು. ಗಂಜಲ ಚಿಮುಕಿಸಿದ್ದಾಯಿತು, ಒಳಗೆ ಹುಲ್ಲು ಉರಿಸಿದ್ದಾಯಿತು, ಅರಿಸಿನದ ನೀರು ಹೊಯ್ದಿದ್ದಾಯಿತು, ಮಂತ್ರ ಗೊಣಗಿದ್ದಾಯಿತು. ಅತ್ತೆ ಹುಣಸೆಹಣ್ಣು ಬೂದಿ ಹಿಡಿದು ಉಜ್ಜಲು ಹೋದರೆ ಪೂಜಾರಿ ತಡೆದ. ಶುದ್ಧಿಯಾದ ಮೇಲೆ ಉಜ್ಜಿದರೆ ಶುದ್ಧಿಯೂ ಉಜ್ಜಿಹೋಗುತ್ತದಂತೆ.

ಕಲಾಯಿ ಹಾಕಿಸದೆ ಒಲೆಗೆ ಇಡಬಾರದು, ಆ ಪಾತ್ರೆಯಲ್ಲಿ ಅಡುಗೆಯೇ ಕೂಡದೆಂದು ಗ್ರಾಮಸೇವಕರು ಹೇಳಿದ್ದನ್ನು ನೀವೂ ಕೇಳಿದ್ದೀರಲ್ಲ ಎಂದು ಅತ್ತೆಗೆ ನೆನಪಿಸಿದೆ. ಅತ್ತೆ ಹೋಗಿ ಮಾವನವರಿಗೆ ಹೇಳಿದರು. ಕಲಾಯಿಯವನು ಮಳೆಗಾಲದಲ್ಲಿ ಬರುವುದಿಲ್ಲ, ದಸರಾ ಆಗಲಿ ಎಂದರಂತೆ. ಒಲೆಯ ಮುಂದಿನವರು ಔಷಧಿಯ ವಿಚಾರ ಮಾತಾಡಬಾರದು ಎಂದೂ ಸೇರಿಸಿದರಂತೆ. ಅವರ ತಲೆಯೊಳಗೆ ಕೊಪ್ಪರಿಗೆಯ ಕೊಳೆಯೆಲ್ಲ ಆಳಿನ ಬೆರಳಿನದಾಗಿತ್ತು. ಅದನ್ನು ತೆಗೆದಾದ ಮೇಲೆ ಇನ್ನೇನು ಉಳಿಯಿತು?

ಮದುವೆಯ ದಿನ ಬೆಳಗಿನ ಜಾವಕ್ಕೇ ಕೊಪ್ಪರಿಗೆಯಲ್ಲಿ ಹುಳಿಸಾರು ಕುದಿಯಿತು. ಹುಣಸೆಹಣ್ಣು ಧಾರಾಳ. ಧಾರೆಗೆ ಮೊದಲು ಅವರ ಕಡೆ ಯಾರೋ ಮುನಿಸಿಕೊಂಡರು, ನಮ್ಮ ಕಡೆ ಯಾರೋ ಮುನಿಸಿಕೊಂಡರು, ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ಮಧ್ಯಾಹ್ನ ತಿರುಗಿತು. ಅಷ್ಟು ಹೊತ್ತೂ ಸಾರು ಕೊಪ್ಪರಿಗೆಯಲ್ಲೇ ಇತ್ತು. ಮರ್ಯಾದೆಗೆಂದು ಮೊದಲ ಪಂಕ್ತಿ ಬೀಗರದೇ. ಸಾರು ಹಸಿರಾಗಿತ್ತು, ಕೊತ್ತಂಬರಿ ಸೊಪ್ಪನ್ನು ಕೈತುಂಬ ಹಾಕಿದ್ದಾರೆ ಎಂದು ಹೆಣ್ಣಿನ ಕಡೆಯವರು ಮೆಚ್ಚಿಕೊಂಡರು. ಒಂಚೂರು ಒಗರು ಎಂದವರಿಗೆ ಅಡುಗೆಯವನು ಹುಣಸೆಹಣ್ಣು ಹೊಸದು ಎಂದ. ಬೀಗರು ನಾಲಿಗೆ ಚಪ್ಪರಿಸಿ ಎರಡೆರಡು ಸಲ ಹಾಕಿಸಿಕೊಂಡರು.

ಕೊನೆಯ ಪಂಕ್ತಿ ಆಳುಗಳದು, ಹಿತ್ತಲ ಬೇಲಿಯ ಆಚೆ. ಅವರಿಗೆ ಎಲೆ ಹಾಕುವ ಮೊದಲೇ ಬೀಗರ ಹೊಟ್ಟೆ ತೊಳಸಲು ಶುರುವಾಗಿತ್ತು. ಆ ಗಲಾಟೆಯಲ್ಲಿ ಬಡಿಸುವವರು ಕೈಗೆ ಸಿಕ್ಕ ಮಡಕೆಯ ಮಜ್ಜಿಗೆಯನ್ನು ಅನ್ನದ ಮೇಲೆ ಸುರಿದು ಓಡಿದರು. ಬೀಗರಲ್ಲಿ ಮೊದಲು ಒಬ್ಬರು ಎದ್ದು ಹಿತ್ತಲಿಗೆ ಹೋದರು, ಆಮೇಲೆ ಇಬ್ಬರು, ಆಮೇಲೆ ರೇಷ್ಮೆ ಪಂಚೆ, ಜರಿ ರುಮಾಲು, ಎಲ್ಲ ಸಾಲು ಸಾಲು. ಚಪ್ಪರದಲ್ಲಿ ವಾಲಗದವನು ಏನೂ ತಿಳಿಯದೆ ಊದುತ್ತಲೇ ಇದ್ದ. ನಾನೂ ಅತ್ತೆಯೂ ಹಾಲು ಕಾಯಿಸಿ ಹೊತ್ತು ಹೊತ್ತು ಸೋತೆವು. ದೇವರು ದೊಡ್ಡವನು, ಉಂಡದ್ದೆಲ್ಲ ಹೊರಗೆ ಬಂದು ಜೀವಗಳು ಉಳಿದವು. ಸಂಜೆಯ ವೇಳೆಗೆ ಮಲಗಿದವರು ಎದ್ದು ಕೂತರು. ಎದ್ದು ಕೂತ ಕೂಡಲೇ ಕಾರಣ ಕೇಳಿದರು.

ಹೆಣ್ಣಿನ ತಂದೆಗೆ ಉತ್ತರ ಬೇಕಿತ್ತು, ಇಲ್ಲವಾದರೆ ಮಗಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿದರು. ಮಾವನವರು ಸಾರನ್ನು ಅನುಮಾನಿಸಲಿಲ್ಲ. ಅದು ತಾತನ ಕೊಪ್ಪರಿಗೆಯದು. ತಮ್ಮನ್ನು ಅನುಮಾನಿಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಪೂಜಾರಿ ತಲೆ ಕೆರೆದುಕೊಂಡು ಶುದ್ಧಿ ಸಾಲದೆ ಹೋಗಿರಬಹುದು ಎಂದ. ಅಷ್ಟು ಸಾಕಾಯಿತು. ಆಳು ಮುಟ್ಟಿದ ದೋಷ ಕೊಪ್ಪರಿಗೆಯಲ್ಲಿ ಉಳಿದುಬಿಟ್ಟಿದೆ, ದೇವರು ಮುನಿದಿದ್ದಾನೆ. ಸಾಕ್ಷಿ ಬೇಕೇ? ಊರಿಗೆಲ್ಲ ವಾಂತಿಯಾದರೂ ಬೇಲಿಯಾಚೆ ಉಂಡವರಿಗೆ ಏನೂ ಆಗಿಲ್ಲ ನೋಡಿ! ಅವರು ಆ ಸಾರನ್ನೇ ಉಂಡಿಲ್ಲವಲ್ಲ ಎಂದು ಯಾರೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ನ್ಯಾಯ ಕೂಡುವುದು, ಆಳು ಗುಡಿಸಲು ಕಿತ್ತು ಹೆಂಡತಿಯೊಂದಿಗೆ ಊರು ಬಿಡುವುದು ಎಂದು ಮಾತಾಯಿತು. ತೀರ್ಪು ಮೊದಲೇ ಆಗಿತ್ತು, ನ್ಯಾಯ ಮಾತ್ರ ಬಾಕಿ.

ಆ ಸಂಜೆಯೂ ಅವನ ಹೆಂಡತಿ ಎಂದಿನಂತೆ ಕೊಟ್ಟಿಗೆಗೆ ಬಂದಳು. ಸಗಣಿ ಬಾಚುತ್ತ ಬಾಚುತ್ತ ಅಳುತ್ತಿದ್ದಳು. ‘ಇಲ್ಲಿಂದ ಎಲ್ಗೋಗನವ್ವಾ? ಮಳೇಲಿ ಯಾರು ಜಾಗ ಕೊಟ್ಟಾರು?’ ಎಂದಳು. ಹೊಲ ಉಳಿಸಿದ ಕೈಗೆ ಈ ಉಡುಗೊರೆ! ಒಳಗೆ ಬಂದು ನನ್ನ ಗಂಡನಿಗೆ ಹೇಳಿದೆ. ಅವರು ತುಂಬ ಒಳ್ಳೆಯವರು. ಒಳ್ಳೆಯವರೆಲ್ಲ ಹೇಳುವ ಹಾಗೆ, ಅಪ್ಪನ ಎದುರು ಮಾತಾಡಲಾಗುತ್ತದೆಯೇ, ಸುಮ್ಮನಿರು ಎಂದರು. ಮದುವೆಗೆ ಬಂದು ನಮ್ಮಲ್ಲೇ ಉಳಿದುಕೊಂಡಿದ್ದ ಗ್ರಾಮಸೇವಕರನ್ನು ಕೇಳಿಸಿದೆ. ಇಲಾಖೆಯ ಪ್ರಕಾರ ತಾಮ್ರದ ಪಾತ್ರೆ ಸರಿಯಾಗಿಯೇ ಇದೆ, ಧಾರ್ಮಿಕ ವಿಷಯದಲ್ಲಿ ತಾವು ತಲೆಹಾಕುವಂತಿಲ್ಲ ಎಂದು ಉತ್ತರ ಬಂತು. ಪಾಪ, ಅವರೂ ಎರಡು ಸಲ ವಾಂತಿ ಮಾಡಿಕೊಂಡಿದ್ದರು, ಆದರೂ ಅವರಿಗೆ ತಮ್ಮ ಪಾಠ ನೆನಪಾಗಲಿಲ್ಲ.

ಬೆಳಿಗ್ಗೆ ಎದ್ದವಳೇ ನಾನು ಕೊಪ್ಪರಿಗೆಯ ಹತ್ತಿರ ಹೋದೆ. ಗಲಾಟೆಯಲ್ಲಿ ಯಾರೂ ತೊಳೆದಿರಲಿಲ್ಲ. ತಳದಲ್ಲಿ ಸಾರು ಉಳಿದಿತ್ತು. ಬೇಳೆ ತಳಕ್ಕೆ ಕೂತು ಮೇಲೆ ತಿಳಿ ನಿಂತಿತ್ತು, ಹಸಿರು ತಿಳಿ. ಅದನ್ನು ಒಂದು ಮಣ್ಣಿನ ಕುಡಿಕೆಗೆ ಬಸಿದುಕೊಂಡೆ. ಕುಡುಗೋಲನ್ನು ಬೂದಿ ಹಾಕಿ ಬೆಳ್ಳಗಾಗುವವರೆಗೆ ತಿಕ್ಕುತ್ತಿದ್ದಾಗ ಅತ್ತೆ ಬಂದು ಹಿಂದೆ ನಿಂತರು. ನಾನು ಏನು ಮಾಡುತ್ತಿದ್ದೇನೆಂದು ಅವರಿಗೆ ಹೇಳಬೇಕಾಗಲಿಲ್ಲ, ಬಾಗಿಲ ಹಿಂದೆ ನನ್ನ ಜೊತೆಗೇ ಕೂತು ಕೇಳಿದ ಹೆಂಗಸು ಅವರು. ತಮ್ಮನ್ನು ಒಂದು ಮಾತು ಕೇಳದೆ ಕೊಪ್ಪರಿಗೆ ಹೊರಿಸಿದ ಸಿಟ್ಟು ಅವರಲ್ಲಿ ಆಷಾಢದಿಂದ ಹೊಗೆಯಾಡುತ್ತಿತ್ತು. ಬೈಯುತ್ತಾರೇನೋ ಎಂದು ಕಾದೆ.

‘ಓಗು. ಸೆರಗ ಸರ್ಯಾಗಿ ಒದ್ಕೊಂಡೋಗು’ ಎಂದರು.

ಜಗಲಿಯಲ್ಲಿ ಮಾವನವರು ನಡುವೆ ಕೂತಿದ್ದರು. ಫಿರ್ಯಾದಿಯೂ ಅವರೇ, ಸಾಕ್ಷಿಯೂ ಅವರೇ, ನ್ಯಾಯ ಹೇಳುವವರೂ ಅವರೇ. ಇನ್ನೊಬ್ಬರಿಗೆ ತೊಂದರೆ ಕೊಡುವ ಸ್ವಭಾವವಲ್ಲ. ಪಕ್ಕದಲ್ಲಿ ಹೆಣ್ಣಿನ ತಂದೆ, ಮುಖ ಇನ್ನೂ ಬಿಳಿಚಿಕೊಂಡಿತ್ತು. ಕಂಬಕ್ಕೊರಗಿ ಗ್ರಾಮಸೇವಕರು. ಕೆಳಗೆ ಅಂಗಳದಲ್ಲಿ ಟವಲು ಕಂಕುಳಲ್ಲಿಟ್ಟುಕೊಂಡು ಆಳು ನಿಂತಿದ್ದ, ಕೈ ಇನ್ನೂ ನೀಲಿ. ನಾನು ಹೊಸ್ತಿಲು ದಾಟಿ ಬಂದೆ. ಆ ಮನೆಯ ಸೊಸೆ ಸಭೆಗೆ ಬಂದದ್ದು ಅದೇ ಮೊದಲು. ಮಾವನವರು ಕಣ್ಣಲ್ಲೇ ನನ್ನನ್ನು ಸುಟ್ಟರು. ಮಾವನವರ ಕಡೆ ನೋಡದೆ ನೇರ ಗ್ರಾಮಸೇವಕರ ಮುಂದೆ ಕುಡಿಕೆ ಇಟ್ಟು ಕುಡುಗೋಲು ನೀಡಿದೆ.

‘ಸಾರ್, ಇದನ್ನ ಒಂದು ಸಲ ಪರೀಕ್ಷೆ ಮಾಡಿ ನೋಡ್ತೀರಾ?’

ಅವರ ಮುಖ ಅರಳಿತು. ಜಗಲಿಯ ತುಂಬ ಜನ, ಕೈಯಲ್ಲಿ ಕುಡುಗೋಲು, ಇನ್ನೇನು ಬೇಕು? ಏನು ಎತ್ತ ಎಂದು ಕೇಳಲೇ ಇಲ್ಲ. ತುದಿ ಅದ್ದಿ ಹಿಡಿದು ಎಂದಿನಂತೆ ಜನರ ಮುಖ ನೋಡುತ್ತ, ತಾಳ್ಮೆ ಬೇಕು, ವೈಜ್ಞಾನಿಕವಾಗಿ ಕಾಯಬೇಕು ಎಂದೆಲ್ಲ ಹೇಳಿದರು. ಆಮೇಲೆ ಕುಡುಗೋಲು ಎತ್ತಿ ತೋರಿಸಿದರು. ತುದಿ ಕೆಂಪಗೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಊರ ಗಂಡಸರು ಅಭ್ಯಾಸದಿಂದ ಹೋ ಎಂದರು.

‘ತುತ್ತ ಇನ್ನೂ ಸತ್ತಿಲ್ಲ. ಸುಣ್ಣ ಸಾಲದು. ಇದನ್ನು ಹೊಡೆದರೆ ಎಲೆ ಸುಟ್ಟುಹೋಗುತ್ತದೆ’ ಎಂದು ಗ್ರಾಮಸೇವಕರು ಸಾರಿದರು.

‘ಎಲೆಗೆ ಹೊಡೆಯೋದಲ್ಲ ಸಾರ್. ನಿನ್ನೆ ಎಲೆ ಹಾಕಿ ಬೀಗರಿಗೆ ಬಡಿಸಿದ್ದು. ಕೊಪ್ಪರಿಗೆಯ ಸಾರು’ ಎಂದೆ.

ಗ್ರಾಮಸೇವಕರು ಕುಡಿಕೆಯೊಳಗೆ ಈಗ ಬಗ್ಗಿ ನೋಡಿದರು, ಕುಡುಗೋಲನ್ನು ನೋಡಿದರು, ಬಾಯಿಗೆ ಟವಲು ಒತ್ತಿಕೊಂಡು ಹಿತ್ತಲ ಕಡೆ ಓಡಿದರು. ನಾನು ಬಾಯಿಬಿಟ್ಟಾಗಿತ್ತು, ಇನ್ನು ಮುಚ್ಚಿ ಏನು ಪ್ರಯೋಜನ? ಮೊದಲು ತಿಂಗಳುಗಟ್ಟಲೆ ತುತ್ತ ನೆನೆದು ಕಲಾಯಿ ತಿಂದದ್ದು, ಆಮೇಲೆ ಬೆಳಗಿನಿಂದ ಹುಳಿ ನಿಂತು ತಾಮ್ರ ತಿಂದದ್ದು, ಆಳು ಮುಟ್ಟಿದ್ದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲದ್ದು, ಎಲ್ಲ ಹೇಳಿದೆ. ಮಡಕೆಯಲ್ಲಿ ಕಲಸಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದೂ ಹೇಳಿದೆ. ಉಪ್ಪಿಟ್ಟಿನ ಹೊತ್ತಿನಲ್ಲಿ ಹೇಳಿದ ಪಾಠ ಅವರಿಗೆ ಗೊತ್ತಿರಲಿಲ್ಲ, ಆದರೆ ಕುಡುಗೋಲು ಕೆಂಪಾದರೆ ಏನರ್ಥ ಎಂಬುದು ಊರಿನ ಪ್ರತಿಯೊಬ್ಬ ಗಂಡಸಿಗೂ ಬಾಯಿಪಾಠವಾಗಿತ್ತು.

ಎಲ್ಲರೂ ಹೆಣ್ಣಿನ ತಂದೆಯ ಬಾಯಿ ನೋಡಿದರು. ಅವರು ಸಿಡಿದೇಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಎದೆಯ ಮೇಲಿನ ಭಾರ ಇಳಿದವರಂತೆ ನಿಟ್ಟುಸಿರು ಬಿಟ್ಟರು.

‘ಅಂಗಾದ್ರೆ ಮೈಲ್ಗೆ ಅಲ್ಲ ಅನ್ನಿ. ಬರೀ ವಿಸ ತಾನೆ’ ಎಂದರು.

ಬರೀ ವಿಷ! ಜಗಲಿಯ ಮೇಲೆ ಎಲ್ಲರ ಮುಖದಲ್ಲೂ ಕಳೆ ಬಂತು. ಸದ್ಯ, ಕುಲಕ್ಕೆ ಏನೂ ಆಗಲಿಲ್ಲ, ಕರುಳಿಗೆ ತಾನೇ ಆದದ್ದು ಎಂದು ಬೀಗರು ಒಬ್ಬರಿಗೊಬ್ಬರು ಹೇಳಿಕೊಂಡರು. ಹೆಣ್ಣನ್ನು ವಾಪಸು ಕರೆದೊಯ್ಯುವ ಮಾತು ಅಲ್ಲಿಗೆ ಮುಗಿಯಿತು. ಆಳಿನ ಗುಡಿಸಲು ಕೀಳುವ ಮಾತನ್ನೂ ಯಾರೂ ಎತ್ತಲಿಲ್ಲ. ಅವನ ಮೇಲೆ ಹೊರಿಸಿದ್ದು ತಪ್ಪಾಯಿತು ಎಂಬ ಮಾತನ್ನೂ ಎತ್ತಲಿಲ್ಲ. ಅವನು ಅಂಗಳದಲ್ಲಿ ನಿಂತೇ ಇದ್ದ.

ನ್ಯಾಯ ಅಂದ ಮೇಲೆ ಏನಾದರೊಂದು ಮುಗಿತಾಯ ಬೇಡವೇ? ಮಾವನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ತಪ್ಪೆಲ್ಲ ಕೊಪ್ಪರಿಗೆಯದು, ಇನ್ನು ಅದು ನಮ್ಮ ಮನೆಯಲ್ಲಿರಕೂಡದು, ನಮ್ಮವರ ಯಾವ ಮದುವೆಗೂ ಹೋಗಕೂಡದು ಎಂದರು. ಆಮೇಲೆ ಅವರ ಕಣ್ಣು ಅಂಗಳಕ್ಕೆ ಇಳಿಯಿತು. ದಾನ ಮಾಡುವವರ ನಗು ಮುಖಕ್ಕೆ ಬಂತು. ಅದನ್ನು ನಾನು ಯಾವ ಜನ್ಮಕ್ಕೂ ಮರೆಯುವುದಿಲ್ಲ.

‘ನೋಡ್ಲಾ, ಇಷ್ಟು ದೊಡ್ ಕೊಪ್ರಿಗೆ ಈ ಸೀಮೇಲೇ ಇಲ್ಲ. ಇವತ್ತಿಂದ ಇದು ನಿಮ್ ಕೇರಿಗೆ ಕಣ್ಲಾ. ನಿಮ್ ಮದ್ವೆಗೆ ಮಡಗ್ಕಳಿ.’

ಜಗಲಿಯ ಮೇಲಿದ್ದವರು ಗೌಡರ ದೊಡ್ಡತನಕ್ಕೆ ತಲೆದೂಗಿದರು. ನನಗೆ ಮೈಯೆಲ್ಲ ಉರಿದು ಕಣ್ಣಲ್ಲಿ ನೀರು ಬಂತು. ಅವನು ಕೈ ಮುಗಿದು ಒಪ್ಪಿಕೊಂಡುಬಿಡುತ್ತಾನೆ ಎಂದೇ ನನಗೆ ಹೆದರಿಕೆ. ಅವನು ಕೊಪ್ಪರಿಗೆಯ ಕಡೆ ಒಮ್ಮೆ ನೋಡಿದ, ತನ್ನ ನೀಲಿ ಕೈಗಳನ್ನು ಒಮ್ಮೆ ನೋಡಿಕೊಂಡ.

‘ಬ್ಯಾಡಿ ಬುದ್ಧಿ’ ಎಂದ. ‘ನಮ್ ಮಡ್ಕೆ ಸಾರು ಉಂಡೋರು ಇನ್ನೂ ಯಾರೂ ವಾಂತಿ ಮಾಡ್ಕಂಡಿಲ್ಲ.’

ದನಿ ಎತ್ತರಿಸಲಿಲ್ಲ, ಕುಹಕವೂ ಇರಲಿಲ್ಲ. ಹೊಲಕ್ಕೆ ನೀರು ಬಿಟ್ಟಿದ್ದೇನೆ ಎಂದು ಹೇಳುವ ಹಾಗೆ ಹೇಳಿದ. ಅವನು ತಿರುಗಿ ಅಂಗಳ ದಾಟುತ್ತ, ನಮ್ಮ ಜಗಲಿ ಇನ್ನೂ ಕಾಣುತ್ತಿರುವಾಗಲೇ, ಕಂಕುಳಲ್ಲಿದ್ದ ಟವಲನ್ನು ತೆಗೆದು ಒಮ್ಮೆ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊಲದ ದಾರಿ ಹಿಡಿದ.